ಹಸಿವಿನ ನಿಯಂತ್ರಣ: ಹಾರ್ಮೋನು ಮತ್ತು ಮಿದುಳು

ಹಸಿವು ಹೊಟ್ಟೆಯಲ್ಲಿ ಕಾಣಿಸಿಕೊಂಡರೂ ಅದರ ತೀರ್ಮಾನ ಆಗುವುದು ಮಿದುಳಿನಲ್ಲಿ. ಮಿದುಳಿನ ತಳದಲ್ಲಿ, ಪಿಟ್ಯುಟರಿ ಗ್ರಂಥಿಯ ಮೇಲ್ಗಡೆ ಹೈಪೊಥಲಾಮಸ್ ಎಂಬ ಚಿಕ್ಕ ಭಾಗವಿದೆ. ದೇಹದಲ್ಲಿ ಕೊಬ್ಬು ಎಷ್ಟು ಕೂಡಿದೆ, ಕರುಳಿನಲ್ಲಿ ಏನು ಇಳಿಯುತ್ತಿದೆ, ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂಬುದನ್ನು ಅದು ಹಾರ್ಮೋನುಗಳಿಂದಲೂ ನರಗಳಿಂದಲೂ ತಿಳಿದುಕೊಂಡು ಉಣ್ಣುವ ಬಯಕೆಯನ್ನು ಏರಿಸುತ್ತದೆ, ಇಳಿಸುತ್ತದೆ. ಇಷ್ಟು ಮಾತು ಗಟ್ಟಿಯಾಗಲು ಸುಮಾರು ನೂರು ವರ್ಷ ಹಿಡಿಯಿತು. ಆ ಕೆಲಸದಲ್ಲಿ ಇಲಿ, ಚಿಟ್ಟಿಲಿ, ಮನುಷ್ಯರ ಜೊತೆಗೆ ರೇಷ್ಮೆಹುಳುವಿಗೂ ಹಣ್ಣಿನ ನೊಣಕ್ಕೂ ಪಾಲಿದೆ. ಕರ್ನಾಟಕದ ಮಟ್ಟಿಗೆ ಹೆಚ್ಚು ಹೇಳಬೇಕಾದದ್ದು ಈ ಎರಡು ಕೀಟಗಳ ಬಗ್ಗೆಯೇ.

20ನೆಯ ಶತಮಾನದ ಆರಂಭದಲ್ಲಿ ಹಸಿವೆಂದರೆ ಬರಿಹೊಟ್ಟೆಯ ಹಿಂಡುವಿಕೆ ಎಂದೇ ವಿಜ್ಞಾನಿಗಳು ಬಗೆದಿದ್ದರು. 1912ರಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಮತ್ತು ವಾಷ್‌ಬರ್ನ್ ಪ್ರಯೋಗ ನಡೆಸಿದಾಗ ವಾಷ್‌ಬರ್ನ್ ತಾವೇ ಒಂದು ಬಲೂನು ನುಂಗಿ, ಜಠರ ಹಿಂಡಿದಾಗಲೆಲ್ಲ ಹಸಿವು ಚುರುಗುಟ್ಟುವುದನ್ನು ದಾಖಲಿಸಿದರು. ಗಮನಿಸಿದ್ದು ಸರಿಯೇ, ಆದರೆ ಅದರಿಂದ ತೆಗೆದ ತೀರ್ಮಾನ ನಿಲ್ಲಲಿಲ್ಲ. ಕಾಯಿಲೆಗಾಗಿ ಜಠರವನ್ನೇ ತೆಗೆಸಿಕೊಂಡವರಿಗೂ ಹಸಿವಾಗುತ್ತದೆ.

ಮಿದುಳಿನ ಕಡೆಗೆ ದೃಷ್ಟಿ ಹೊರಳಿದ್ದು 1940ರಲ್ಲಿ. ಹೆದರಿಂಗ್‌ಟನ್ ಮತ್ತು ರ್‍ಯಾನ್ಸನ್ ಇಲಿಗಳ ಹೈಪೊಥಲಾಮಸ್‌ನ ಒಳಮಧ್ಯದ ಭಾಗವನ್ನು ಸಣ್ಣ ವಿದ್ಯುತ್ ಸೂಜಿಯಿಂದ ಸುಟ್ಟಾಗ ಆ ಇಲಿಗಳು ವಿಪರೀತ ಬೊಜ್ಜು ಬೆಳೆಸಿಕೊಂಡವು. ಇದಕ್ಕೆ ಎದುರಾದ ಫಲಿತಾಂಶ ಕಂಡುಕೊಂಡವರು ಭಾರತದ ಶರೀರವಿಜ್ಞಾನಿ ಬಾಲಕೃಷ್ಣ ಆನಂದ್. 1951ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಬ್ರೊಬೆಕ್ ಜೊತೆಗೂಡಿ ಹೈಪೊಥಲಾಮಸ್‌ನ ಎರಡೂ ಪಕ್ಕದ ಭಾಗಗಳನ್ನು ನಾಶಪಡಿಸಿದಾಗ, ಇಲಿಗಳು ಎದುರಿಗೆ ಆಹಾರವಿದ್ದರೂ ಮುಟ್ಟದೆ ಸತ್ತವು. ಒಳಗೆ ತೃಪ್ತಿಯ ಕೇಂದ್ರ, ಪಕ್ಕದಲ್ಲಿ ಹಸಿವಿನ ಕೇಂದ್ರ ಎಂಬ ವಿವರಣೆ ಹುಟ್ಟಿದ್ದು ಇಲ್ಲಿಂದ. ಆನಂದ್ ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯಲ್ಲಿ ಈ ಕೆಲಸವನ್ನು ಮುಂದುವರಿಸಿದರು. ರಕ್ತಕ್ಕೆ ಗ್ಲೂಕೋಸ್ ಸೇರಿಸಿದರೆ ತೃಪ್ತಿಯ ಭಾಗದ ನರಕೋಶಗಳು ಚುರುಕಾಗುತ್ತವೆ, ಹಸಿವಿನ ಭಾಗದವು ತಣ್ಣಗಾಗುತ್ತವೆ ಎಂದು ಅವರ ತಂಡ 1962ರಲ್ಲಿ ತೋರಿಸಿತು. ಭಾರತದ ಶರೀರವಿಜ್ಞಾನ ಜಗತ್ತಿನ ಪಠ್ಯಪುಸ್ತಕಗಳಿಗೆ ಕೊಟ್ಟ ಕೆಲವೇ ಅಧ್ಯಾಯಗಳಲ್ಲಿ ಇದು ಒಂದು.

ಎರಡು ಕೇಂದ್ರಗಳ ಈ ಚಿತ್ರ ಅತಿ ಸರಳವಾಗಿತ್ತು. ಪಕ್ಕದ ಭಾಗ ಕಳೆದುಕೊಂಡ ಇಲಿಗಳಿಗೆ ಕೊಳವೆಯಿಂದ ಉಣಿಸುತ್ತಾ ಬಂದರೆ ಅವು ವಾರಗಳ ಮೇಲೆ ತಾವಾಗಿಯೇ ತಿನ್ನತೊಡಗುತ್ತವೆ ಎಂದು 1954ರಲ್ಲಿ ಗೊತ್ತಾಯಿತು. ಅದೇ ಜಾಗದಲ್ಲಿ ಹಾದುಹೋಗುವ ಡೋಪಮೀನ್ ನರತಂತುಗಳನ್ನಷ್ಟೇ ನಾಶಪಡಿಸಿದರೂ ಇಲಿಗಳು ಉಣ್ಣುವುದನ್ನು ಬಿಡುತ್ತವೆ ಎಂಬುದು 1971ರಲ್ಲಿ ತಿಳಿಯಿತು. ಹಾಗಾದರೆ ಕೆಟ್ಟದ್ದು ಹಸಿವೋ, ಯಾವುದನ್ನಾದರೂ ಬಯಸಿ ಎದ್ದು ಹೋಗುವ ಶಕ್ತಿಯೋ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಟಿ. ದೇಸಿರಾಜು, ಟಿ.ಆರ್. ರಾಜು ಮತ್ತು ಬಿ.ಎಸ್. ಶಂಕರನಾರಾಯಣ ರಾವ್ ನಡೆಸಿದ ಪ್ರಯೋಗಗಳು ಈ ಎರಡನೆಯ ಸಾಧ್ಯತೆಗೆ ಹತ್ತಿರದವು. ಹೈಪೊಥಲಾಮಸ್‌ನ ಪಕ್ಕದ ಭಾಗ ಮತ್ತು ನಡುಮಿದುಳಿನ ಡೋಪಮೀನ್ ನೆಲೆಗಳಲ್ಲಿ ತಂತಿ ಕೂರಿಸಿಕೊಂಡ ಇಲಿ, ಸನ್ನೆ ಒತ್ತಿ ತನ್ನ ಮಿದುಳಿಗೆ ತಾನೇ ವಿದ್ಯುತ್ ಕೊಟ್ಟುಕೊಳ್ಳುತ್ತದೆ. ಆ ಸುಖಕ್ಕೆ ಒಗ್ಗಿದ ಇಲಿಗಳಲ್ಲಿ ನೆನಪಿಗೆ ಸಂಬಂಧಪಟ್ಟ ಹಿಪೊಕ್ಯಾಂಪಸ್ಸಿನ ಮತ್ತು ಚಲನೆಯನ್ನು ಆಳುವ ಮಿದುಳಿನ ಹೊರಪದರದ ನರಕೋಶಗಳು ಹೆಚ್ಚು ಕವಲೊಡೆದಿದ್ದವು ಎಂದು 1993ರಲ್ಲಿ ಈ ತಂಡ ಪ್ರಕಟಿಸಿತು. ಹೊಟ್ಟೆ ತುಂಬಿದ ಮೇಲೂ ಒಬ್ಬಟ್ಟಿಗೆ ಕೈ ಚಾಚುವ ಬಾಯಿಚಪಲದ ದಾರಿ ಈ ನೆಲೆಗಳ ಮೂಲಕವೇ ಹೋಗುತ್ತದೆ.

ದೇಹದ ಕೊಬ್ಬಿನ ಲೆಕ್ಕ ಮಿದುಳಿಗೆ ತಲುಪುವುದು ಹೇಗೆ ಎಂಬ ಪ್ರಶ್ನೆ ಉಳಿದೇ ಇತ್ತು. ಕೊಬ್ಬಿನಿಂದ ಹೊರಟ ಯಾವುದೋ ವಸ್ತು ರಕ್ತದಲ್ಲಿ ಬಂದು ಸುದ್ದಿ ಮುಟ್ಟಿಸುತ್ತಿರಬೇಕು ಎಂದು 1953ರಲ್ಲಿ ಬ್ರಿಟನ್ನಿನ ಕೆನಡಿ ಊಹಿಸಿದರು. ಅದನ್ನು ತೋರಿಸಲು ಹೂಡಿದ ಉಪಾಯ ತುಸು ಕ್ರೂರವಾದದ್ದು. ಎರಡು ಪ್ರಾಣಿಗಳ ಪಕ್ಕೆಯ ಚರ್ಮವನ್ನು ಕೂಡಿಸಿ ಹೊಲಿದರೆ ಒಂದರ ರಕ್ತ ಇನ್ನೊಂದಕ್ಕೆ ಅಲ್ಪಸ್ವಲ್ಪ ಹರಿಯುತ್ತದೆ. ಹೀಗೆ ಹೊಲಿದ ಜೋಡಿಯಲ್ಲಿ ಒಂದು ಇಲಿಯ ಹೈಪೊಥಲಾಮಸ್ಸನ್ನು ಕೆಡಿಸಿದಾಗ ಅದು ಉಬ್ಬಿತು, ಜೊತೆಗಾರ ಇಲಿ ತಿನ್ನುವುದನ್ನು ಬಿಟ್ಟು ಬಡಕಲಾಯಿತು. ಇದು 1959ರಲ್ಲಿ ಹರ್ವಿ ಮಾಡಿದ ಪ್ರಯೋಗ.

ಅಮೆರಿಕದ ಮೇಯ್ನ್ ರಾಜ್ಯದ ಜ್ಯಾಕ್ಸನ್ ಪ್ರಯೋಗಾಲಯದಲ್ಲಿ ಹುಟ್ಟಿನಿಂದಲೇ ಬೊಜ್ಜು ಬರುವ ಎರಡು ತಳಿಯ ಚಿಟ್ಟಿಲಿಗಳಿದ್ದವು. ಒಂದನ್ನು ಓಬಿ ಎಂದೂ, ಬೊಜ್ಜಿನ ಜೊತೆ ಸಕ್ಕರೆ ಕಾಯಿಲೆಯೂ ತೀವ್ರವಾಗಿದ್ದ ಇನ್ನೊಂದನ್ನು ಡಿಬಿ ಎಂದೂ ಕರೆಯುತ್ತಿದ್ದರು. ಡಗ್ಲಸ್ ಕೋಲ್ಮನ್ ಇವುಗಳನ್ನು ಜೋಡಿಸಿ ನೋಡಿದರು. ಡಿಬಿ ಜೊತೆ ಸೇರಿದ ಸಾಮಾನ್ಯ ಚಿಟ್ಟಿಲಿ ಉಪವಾಸ ಬಿದ್ದು ಸತ್ತಿತು. ಡಿಬಿ ಜೊತೆ ಸೇರಿದ ಓಬಿಯೂ ಹಾಗೆಯೇ ಸತ್ತಿತು. ಸಾಮಾನ್ಯ ಚಿಟ್ಟಿಲಿಯ ಜೊತೆ ಸೇರಿದ ಓಬಿಗೆ ಹಸಿವು ತಗ್ಗಿತು. ಕೋಲ್ಮನ್ ಹಾಕಿದ ಲೆಕ್ಕ ಹೀಗೆ: ಓಬಿಗೆ ತೃಪ್ತಿಯ ಹಾರ್ಮೋನು ತಯಾರಿಸಲು ಬಾರದು, ಆದರೆ ಬಂದದ್ದನ್ನು ಗುರುತಿಸಬಲ್ಲದು. ಡಿಬಿ ಅದನ್ನು ಬೇಕಾದಷ್ಟು ತಯಾರಿಸುತ್ತದೆ, ಗುರುತಿಸಲಾರದು. ರಾಸಾಯನಿಕ ಯಾವುದೆಂದು ತಿಳಿಯದೆ, ಬರಿಯ ತರ್ಕದಿಂದ 1970ರ ಸುಮಾರಿನಲ್ಲಿ ಮುಟ್ಟಿದ ಈ ತೀರ್ಮಾನವನ್ನು ಹಲವರು ನಂಬಲಿಲ್ಲ. ಬೊಜ್ಜು ಸಂಯಮವಿಲ್ಲದವರ ಸಮಸ್ಯೆ ಎಂಬ ಭಾವನೆ ಪ್ರಯೋಗಾಲಯದ ಒಳಗೂ ಇತ್ತು.

ಕೋಲ್ಮನ್ ಹೇಳಿದ್ದ ವಸ್ತು ಕೈಗೆ ಸಿಕ್ಕಿದ್ದು 1994ರಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಎಂಟು ವರ್ಷ ಹುಡುಕಿ ಓಬಿ ಜೀನನ್ನು ಗುರುತಿಸಿದರು. ಅದು ತಯಾರಿಸುವ 146 ಅಮೈನೊ ಆಮ್ಲಗಳ ಪ್ರೋಟೀನಿಗೆ ಮರುವರ್ಷ ಲೆಪ್ಟಿನ್ ಎಂಬ ಹೆಸರು ಬಂತು. ಡಿಬಿ ಚಿಟ್ಟಿಲಿಯಲ್ಲಿ ಕೆಟ್ಟಿದ್ದದ್ದು ಲೆಪ್ಟಿನ್ನನ್ನು ಗುರುತಿಸುವ ಗ್ರಾಹಕ ಎಂಬುದೂ ಸ್ವಲ್ಪದರಲ್ಲೇ ಖಚಿತವಾಯಿತು. ಕೋಲ್ಮನ್, ಫ್ರೀಡ್‌ಮನ್ ಇಬ್ಬರಿಗೂ 2010ರ ಲಾಸ್ಕರ್ ಪ್ರಶಸ್ತಿ ಸಂದಿತು. ಕೊಬ್ಬು ಸುಮ್ಮನೆ ಬಿದ್ದಿರುವ ದಾಸ್ತಾನಲ್ಲ, ಅದೂ ಒಂದು ಹಾರ್ಮೋನು ಗ್ರಂಥಿ ಎಂದು ಒಪ್ಪಬೇಕಾಯಿತು.

ಮನುಷ್ಯರಲ್ಲೂ ಇದು ನಿಜವೆಂದು 1997ರಲ್ಲಿ ಇಂಗ್ಲೆಂಡಿನಲ್ಲಿ ತಿಳಿಯಿತು. ರಕ್ತಸಂಬಂಧದಲ್ಲಿ ಮದುವೆಯಾದ, ಪಾಕಿಸ್ತಾನ ಮೂಲದ ಒಂದು ಮನೆತನದ ಎಂಟು ವರ್ಷದ ಹುಡುಗಿ 86 ಕಿಲೊ, ಅವಳ ದಾಯಾದಿ ಎರಡು ವರ್ಷದ ಹುಡುಗ 29 ಕಿಲೊ ತೂಗುತ್ತಿದ್ದರು. ಇಬ್ಬರ ರಕ್ತದಲ್ಲೂ ಲೆಪ್ಟಿನ್ ಇಲ್ಲವೆಂಬಷ್ಟು ಕಡಿಮೆ ಇತ್ತು. ಚುಚ್ಚುಮದ್ದಾಗಿ ಲೆಪ್ಟಿನ್ ಕೊಟ್ಟಾಗ ಹುಡುಗಿಯ ಹಸಿವು ಬೇಗ ಹತೋಟಿಗೆ ಬಂತು, ಒಂದು ವರ್ಷದಲ್ಲಿ 16 ಕಿಲೊ ಇಳಿಯಿತು. ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇನ್ನೂ ಇರುವ ಕರ್ನಾಟಕದಲ್ಲಿ, ಹಾಲುಗೂಸಿನಿಂದಲೇ ತಡೆಯಲಾಗದ ಹಸಿವಿನಿಂದ ಅಳುತ್ತ ಬೊಜ್ಜು ಬೆಳೆಸಿಕೊಳ್ಳುವ ಮಗುವನ್ನು ಕಂಡಾಗ ವೈದ್ಯರು ಇದನ್ನು ನೆನಪಿಡಬೇಕಾಗುತ್ತದೆ.

ಆದರೆ ಲೆಪ್ಟಿನ್ ಸಾಮಾನ್ಯ ಬೊಜ್ಜಿಗೆ ಮದ್ದಾಗಲಿಲ್ಲ. ಬೊಜ್ಜುಳ್ಳವರಲ್ಲಿ ಬಹುಪಾಲಿಗೆ ಲೆಪ್ಟಿನ್ ಕೊರತೆಯಿಲ್ಲ, ಹೇರಳವಾಗಿಯೇ ಇರುತ್ತದೆ. ಮಿದುಳು ಅದಕ್ಕೆ ಓಗೊಡುವುದಿಲ್ಲ. ಲೆಪ್ಟಿನ್ನಿನ ಮುಖ್ಯ ಕೆಲಸ ಬೇರೆಯೇ ಎಂದು 1996ರ ಒಂದು ಪ್ರಯೋಗ ಸೂಚಿಸಿತು. ಉಪವಾಸದಲ್ಲಿ ಲೆಪ್ಟಿನ್ ಥಟ್ಟನೆ ಕುಸಿಯುತ್ತದೆ. ಆ ಕುಸಿತದಿಂದ ಥೈರಾಯ್ಡ್ ಹಾರ್ಮೋನು ತಗ್ಗುತ್ತದೆ, ಸಂತಾನಶಕ್ತಿ ಕುಂದುತ್ತದೆ, ಹಸಿವು ಏರುತ್ತದೆ. ಉಪವಾಸ ಬಿದ್ದ ಚಿಟ್ಟಿಲಿಗೆ ಹೊರಗಿನಿಂದ ಲೆಪ್ಟಿನ್ ಕೊಟ್ಟರೆ ಈ ಬದಲಾವಣೆಗಳು ಬಹುಮಟ್ಟಿಗೆ ತಪ್ಪುತ್ತವೆ. ಎಂದರೆ ಲೆಪ್ಟಿನ್ ಕಡಿಮೆಯಾದಾಗ ಬರಗಾಲ ಬಂತೆಂದು ಮಿದುಳು ಎಚ್ಚೆತ್ತುಕೊಳ್ಳುತ್ತದೆ, ಹೆಚ್ಚಾದಾಗ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ತೂಕ ಇಳಿಸುವುದು ಕಷ್ಟ, ಇಳಿದದ್ದನ್ನು ಉಳಿಸಿಕೊಳ್ಳುವುದು ಇನ್ನೂ ಕಷ್ಟವಾಗಲು ಇದು ಒಂದು ಮುಖ್ಯ ಕಾರಣ.

ಹೈಪೊಥಲಾಮಸ್‌ನ ಆರ್ಕುಯೇಟ್ ಎಂಬ ಗುಚ್ಛದಲ್ಲಿ ಎರಡು ಬಗೆಯ ನರಕೋಶಗಳು ಅಕ್ಕಪಕ್ಕ ಇವೆ. ಎಜಿಆರ್‌ಪಿ ಮತ್ತು ಎನ್‌ಪಿವೈ ಸ್ರವಿಸುವವು ಹಸಿವನ್ನು ಹೆಚ್ಚಿಸುತ್ತವೆ. ಪಿಒಎಂಸಿ ಬಗೆಯವು ತಗ್ಗಿಸುತ್ತವೆ. ಲೆಪ್ಟಿನ್ ಮೊದಲಿನವನ್ನು ಅಡಗಿಸಿ ಎರಡನೆಯವನ್ನು ಎಬ್ಬಿಸುತ್ತದೆ. ಇವೆರಡೂ ಮುಂದೆ ಎಂಸಿ4 ಎಂಬ ಒಂದೇ ಗ್ರಾಹಕದ ಮೇಲೆ ಜಗ್ಗಾಡುತ್ತವೆ. ಆ ಗ್ರಾಹಕದ ಜೀನು ಕೆಡುವುದೇ ಮನುಷ್ಯರಲ್ಲಿ ಒಂಟಿ ಜೀನಿನಿಂದ ಬರುವ ಬೊಜ್ಜಿಗೆ ಅತಿ ಸಾಮಾನ್ಯ ಕಾರಣ. ಬೆಳೆದ ಚಿಟ್ಟಿಲಿಯಲ್ಲಿ ಎಜಿಆರ್‌ಪಿ ಕೋಶಗಳನ್ನು ಕೊಂದರೆ ಅದು ತಿನ್ನದೆ ಸೊರಗುತ್ತದೆ. ಅವಕ್ಕೆ ಬೆಳಕಿನಿಂದ ಚಾಲನೆ ಕೊಟ್ಟರೆ ಹೊಟ್ಟೆ ತುಂಬಿದ ಚಿಟ್ಟಿಲಿಯೂ ಕೆಲವೇ ನಿಮಿಷಗಳಲ್ಲಿ ತಿನ್ನತೊಡಗುತ್ತದೆ. 2015ರಲ್ಲಿ ಕಂಡುಬಂದ ಸಂಗತಿ ಇನ್ನೂ ವಿಚಿತ್ರ. ಹಸಿದ ಚಿಟ್ಟಿಲಿಗೆ ಆಹಾರ ಕಂಡ ಕ್ಷಣಕ್ಕೇ, ಒಂದು ತುಣುಕೂ ಬಾಯಿಗೆ ಹೋಗುವ ಮೊದಲೇ, ಈ ಕೋಶಗಳು ತಣ್ಣಗಾಗುತ್ತವೆ. ಮಿದುಳು ಬರಲಿರುವ ಊಟವನ್ನು ಮುಂಗಡವಾಗಿಯೇ ಲೆಕ್ಕಕ್ಕೆ ಹಿಡಿಯುತ್ತದೆ.

ಒಂದೊಂದು ಊಟದ ಆರಂಭ ಮತ್ತು ಅಂತ್ಯವನ್ನು ನೋಡಿಕೊಳ್ಳುವುದು ಜಠರ ಮತ್ತು ಕರುಳು. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವ ಜಠರದಿಂದ ಬೇರ್ಪಡಿಸಿದ ಘ್ರೆಲಿನ್ ಹಸಿವನ್ನು ಹೆಚ್ಚಿಸುವ ಹಾರ್ಮೋನು. ಊಟದ ಹೊತ್ತಿಗೆ ಮುಂಚೆ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಉಪವಾಸವಿದ್ದರೂ ವಾಡಿಕೆಯ ಊಟದ ಹೊತ್ತಿಗೆ ಏರಿ, ಏನೂ ತಿನ್ನದಿದ್ದರೂ ಸ್ವಲ್ಪ ಹೊತ್ತಿನ ಮೇಲೆ ತಾನೇ ಇಳಿಯುತ್ತದೆ. ಏಕಾದಶಿ ಹಿಡಿಯುವವರಿಗೆ ಈ ಏರಿಳಿತದ ಅನುಭವ ಉಂಟು. ತೃಪ್ತಿಯ ಕಡೆಗೆ ಸಣ್ಣ ಕರುಳಿನ ಸಿಸಿಕೆ, ಕರುಳಿನ ಕೆಳಭಾಗದ ಪಿವೈವೈ ಮತ್ತು ಜಿಎಲ್‌ಪಿ-1 ಎಂಬ ಹಾರ್ಮೋನುಗಳು ಕೆಲಸ ಮಾಡುತ್ತವೆ. ಇವುಗಳ ಜೊತೆಗೆ ಜಠರ ಹಿಗ್ಗಿದ ಸುದ್ದಿಯನ್ನು ವೇಗಸ್ ನರ ನೇರವಾಗಿ ಮಿದುಳಿನ ಕಾಂಡಕ್ಕೆ ಒಯ್ಯುತ್ತದೆ. ದೊಡ್ಡಬೆಳವಂಗಲದ ಸೀಮೆಯಲ್ಲಿ ಮುದ್ದೆ ಉಂಡು ಹೊಲಕ್ಕೆ ಹೋದವರು ಹೊಟ್ಟೆ ಗಟ್ಟಿಯಾಗಿ ನಿಲ್ಲುತ್ತದೆ ಎನ್ನುವುದುಂಟು. ನೀರು ಹೀರಿಕೊಂಡ ರಾಗಿಹಿಟ್ಟಿನ ಗಾತ್ರ ಜಠರವನ್ನು ಹಿಗ್ಗಿಸುತ್ತದೆ, ಅದರ ನಾರು ಜೀರ್ಣವನ್ನು ನಿಧಾನಿಸುತ್ತದೆ. ಅದೇ ರಾಗಿಯನ್ನು ನುಣ್ಣಗೆ ಅರೆದು, ಸೋಸಿ, ಸಕ್ಕರೆ ಹಾಕಿ ಮಾಲ್ಟ್ ಆಗಿ ಕುಡಿದರೆ ಆ ಲಾಭದಲ್ಲಿ ಬಹಳಷ್ಟು ಕೈಬಿಡುತ್ತದೆ.

ಹಾರ್ಮೋನು ಹಸಿವನ್ನು ಆಳುವುದನ್ನು ಕಣ್ಣಾರೆ ಕಾಣಬೇಕೆಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ರೇಷ್ಮೆ ಮನೆಗಿಂತ ಒಳ್ಳೆಯ ಜಾಗವಿಲ್ಲ. ರೇಷ್ಮೆಹುಳು ಮೊಟ್ಟೆಯಿಂದ ಹೊರಬಂದಾಗಿನಿಂದ ಗೂಡು ಕಟ್ಟುವವರೆಗಿನ ಸುಮಾರು ನಾಲ್ಕು ವಾರಗಳಲ್ಲಿ ತನ್ನ ತೂಕವನ್ನು ಹತ್ತುಸಾವಿರ ಪಟ್ಟು ಹೆಚ್ಚಿಸಿಕೊಳ್ಳುತ್ತದೆ. ಅದು ತಿನ್ನುವ ಹಿಪ್ಪುನೇರಳೆ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಐದನೆಯ ಹಂತದ ಒಂದು ವಾರದಲ್ಲೇ ಖರ್ಚಾಗುತ್ತದೆ. ಇಷ್ಟು ಹೊಟ್ಟೆಬಾಕ ಹುಳು ನಡುವೆ ನಾಲ್ಕು ಸಲ, ಸೊಪ್ಪಿನ ಮೇಲೇ ಮಲಗಿದ್ದರೂ, ಒಂದು ದಿನದ ಆಸುಪಾಸು ಬಾಯಿ ಮುಚ್ಚಿ ತಲೆ ಎತ್ತಿ ಅಲುಗಾಡದೆ ಕೂರುತ್ತದೆ. ರೈತರು ಇದನ್ನು ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆಗ ಸೊಪ್ಪು ಹಾಕುವುದಿಲ್ಲ, ಹಾಸಿಗೆ ಒಣಗಿರಲೆಂದು ಸುಣ್ಣ ಉದುರಿಸುತ್ತಾರೆ. ಕೆಲವು ಹುಳು ಜ್ವರದಿಂದ ಎದ್ದವೆಂದು ಅವಸರಪಟ್ಟು ಸೊಪ್ಪು ಕೊಟ್ಟರೆ ಎದ್ದವು ತಿಂದು ಮುಂದೆ ಹೋಗಿ, ಮನೆಯೊಳಗೆ ಹುಳು ಏರುಪೇರಾಗುತ್ತದೆ.

ಜ್ವರದ ಹಿಂದಿರುವುದು ಮೂರು ಹಾರ್ಮೋನುಗಳ ಹೊಂದಾಣಿಕೆ. ಮಿದುಳಿನ ಕೆಲವು ಕೋಶಗಳು ಸ್ರವಿಸುವ ಹಾರ್ಮೋನು ಎದೆಯ ಭಾಗದ ಗ್ರಂಥಿಯನ್ನು ಎಬ್ಬಿಸುತ್ತದೆ. ಅದು ಎಕ್ಡೈಸೋನ್ ಸುರಿಸುತ್ತದೆ. ಎಕ್ಡೈಸೋನ್ ಏರಿದಾಗ ತಿನ್ನುವುದು ನಿಂತು ಪೊರೆ ಕಳಚುವ ಕೆಲಸ ಶುರುವಾಗುತ್ತದೆ. ಆಗ ಮೂರನೆಯದಾದ ಎಳೆತನದ ಹಾರ್ಮೋನು ಹೆಚ್ಚಿದ್ದರೆ ಹುಳು ಹುಳುವಾಗಿಯೇ ಉಳಿದು ಮತ್ತೆ ಮೇಯುತ್ತದೆ. ಅದು ಬತ್ತಿಹೋಗಿದ್ದರೆ ಹಣ್ಣಾಗಿ, ಸೊಪ್ಪಿನ ಕಡೆ ತಿರುಗಿಯೂ ನೋಡದೆ ಗೂಡು ಕಟ್ಟಲು ಚಂದ್ರಿಕೆ ಹತ್ತುತ್ತದೆ. ಮಿದುಳೂ ಒಂದು ಹಾರ್ಮೋನು ಗ್ರಂಥಿಯಾಗಬಲ್ಲದು ಎಂದು ಮೊದಲು ತೋರಿಸಿದ್ದೇ ಒಂದು ಪತಂಗದ ಕಂಬಳಿಹುಳು, ಪೋಲೆಂಡಿನ ಸ್ಟೆಫಾನ್ ಕೊಪೆಚ್ 1922ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ. ಎಕ್ಡೈಸೋನನ್ನು 1954ರಲ್ಲಿ ಹರಳಾಗಿ ಬೇರ್ಪಡಿಸಿದ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಅರ್ಧ ಟನ್ ರೇಷ್ಮೆಹುಳದ ಕೋಶಾವಸ್ಥೆಗಳಿಂದ ಪಡೆದದ್ದು 25 ಮಿಲಿಗ್ರಾಂ. 1984ರಲ್ಲಿ ಜಪಾನಿನ ವಿಜ್ಞಾನಿಗಳು ರೇಷ್ಮೆ ಪತಂಗದ ತಲೆಗಳಿಂದ ಬೇರ್ಪಡಿಸಿದ ಇನ್ನೊಂದು ಹಾರ್ಮೋನಿನ ರಚನೆ ಮನುಷ್ಯರ ಇನ್ಸುಲಿನ್ನನ್ನು ಹೋಲುತ್ತಿತ್ತು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಈ ವಿದ್ಯೆಯನ್ನು ರೈತರ ಕೈಗೂ ಕೊಟ್ಟಿದೆ. ಗಿಡಗಳಲ್ಲಿ ಸಿಗುವ ಎಕ್ಡೈಸೋನ್ ಬಗೆಯ ವಸ್ತುವಿನಿಂದ ತಯಾರಿಸಿದ ‘ಸಂಪೂರ್ಣ’ವನ್ನು, ಅಲ್ಲೊಂದು ಇಲ್ಲೊಂದು ಹುಳು ಹಣ್ಣಾಗತೊಡಗಿದಾಗ ಸೊಪ್ಪಿಗೆ ಸಿಂಪಡಿಸಿದರೆ, ಉಳಿದವೂ ಬೇಗ ಒಟ್ಟಿಗೆ ಹಣ್ಣಾಗುತ್ತವೆ.

ತೂಬಗೆರೆಯ ಹಲಸು ಬಿರಿದಲ್ಲಿ ಮುತ್ತುವ ಸಣ್ಣ ನೊಣಗಳ ಕುಲಕ್ಕೆ ಸೇರಿದ ಹಣ್ಣಿನ ನೊಣ ಡ್ರೊಸೊಫಿಲ ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ, ಎಂದರೆ ಎನ್‌ಸಿಬಿಎಸ್‌ನ, ಮುಖ್ಯ ಪ್ರಯೋಗಪ್ರಾಣಿಗಳಲ್ಲಿ ಒಂದು. ಆ ಸಂಸ್ಥೆಯನ್ನು ಕಟ್ಟಿದ ಒಬೈದ್ ಸಿದ್ದಿಕಿ ಅದಕ್ಕೂ ಮುಂಚೆ ಮುಂಬಯಿಯಲ್ಲಿ ವೆರೊನಿಕಾ ರಾಡ್ರಿಗಸ್ ಜೊತೆ ರುಚಿ ಮತ್ತು ವಾಸನೆ ಗೊತ್ತಾಗದ ನೊಣಗಳ ತಳಿಗಳನ್ನು ಗುರುತಿಸಿದ್ದರು. ಹಸಿವಿನ ವಿಷಯದಲ್ಲಿ ಎನ್‌ಸಿಬಿಎಸ್‌ನಿಂದ ಬಂದ ಮುಖ್ಯ ಕೆಲಸ ಗೈತಿ ಹಸನ್ ಅವರ ಪ್ರಯೋಗಾಲಯದ್ದು.

ಹಸನ್ ಹಿಡಿದ ವಸ್ತು ಹಸಿವಲ್ಲ, ಕ್ಯಾಲ್ಸಿಯಂ. ಜೀವಕೋಶದ ಒಳಗಿನ ಚೀಲಗಳಲ್ಲಿ ಕ್ಯಾಲ್ಸಿಯಂ ತುಂಬಿರುತ್ತದೆ. ಹೊರಗಿನಿಂದ ಸಂಕೇತ ಬಂದಾಗ ಐಪಿ3 ಗ್ರಾಹಕ ಎಂಬ ಬಾಗಿಲು ತೆರೆದು ಅದು ಹೊರಬೀಳುತ್ತದೆ. ನೊಣದಲ್ಲಿ ಈ ಬಾಗಿಲಿನ ಜೀನನ್ನು ಹಸನ್ ಮತ್ತು ಮೈಕೆಲ್ ರಾಸ್‌ಬಾಷ್ 1992ರಲ್ಲಿ ವರದಿ ಮಾಡಿದರು. ರಾಸ್‌ಬಾಷ್ ಮುಂದೆ, 2017ರಲ್ಲಿ, ದೇಹದ ದಿನಗಡಿಯಾರದ ಸಂಶೋಧನೆಗೆ ನೊಬೆಲ್ ಪಡೆದವರು. ಈ ಜೀನು ಕೆಟ್ಟ ಮರಿಹುಳುಗಳಲ್ಲಿ ಎಕ್ಡೈಸೋನ್ ಬಿಡುಗಡೆ ಸರಿಯಾಗಿ ಆಗದೆ ಬೆಳವಣಿಗೆ ತಡವಾಗುತ್ತದೆ ಎಂದು ಕೆ. ವೆಂಕಟೇಶ್ ಮತ್ತು ಹಸನ್ 1997ರಲ್ಲಿ ತೋರಿಸಿದರು. ರೇಷ್ಮೆ ಮನೆಯ ಜ್ವರಕ್ಕೆ ಕಾರಣವಾದ ಹಾರ್ಮೋನೇ ಇಲ್ಲಿಯೂ ಎದುರಾಯಿತು.

2013ರಲ್ಲಿ ಅದೇ ಪ್ರಯೋಗಾಲಯದಿಂದ ಎರಡು ಪ್ರಬಂಧಗಳು ಹೊರಬಂದವು. ಐಪಿ3 ಗ್ರಾಹಕದಲ್ಲಿ ಉತ್ಪರಿವರ್ತನೆಯಿದ್ದರೂ ಬದುಕಿ ಬೆಳೆದ ನೊಣಗಳು ಅತಿಯಾಗಿ ತಿನ್ನುತ್ತಿದ್ದವು, ಮೈಯಲ್ಲಿ ಕೊಬ್ಬು ಕೂಡಿಸುತ್ತಿದ್ದವು, ಉಪವಾಸ ಕೆಡವಿದರೆ ಸಾಮಾನ್ಯ ನೊಣಗಳಿಗಿಂತ ಹೆಚ್ಚು ಕಾಲ ಬದುಕುತ್ತಿದ್ದವು. ದೇಹದ ಉಳಿದ ಭಾಗವನ್ನು ಮುಟ್ಟದೆ, ಪೆಪ್ಟೈಡ್ ಹಾರ್ಮೋನು ಸ್ರವಿಸುವ ನರಕೋಶಗಳಲ್ಲಷ್ಟೇ ಈ ಗ್ರಾಹಕವನ್ನು ತಗ್ಗಿಸಿದರೂ ನೊಣಕ್ಕೆ ಬೊಜ್ಜು ಬರುತ್ತಿತ್ತು. ತಪ್ಪಿರುವುದು ಕೊಬ್ಬಿನಲ್ಲಲ್ಲ, ಮಿದುಳಿನ ಹಾರ್ಮೋನು ಕೋಶಗಳಲ್ಲಿ ಎಂಬುದು ಇದರ ಅರ್ಥ. ಸುಮಾರು 1.4 ಲಕ್ಷ ನರಕೋಶಗಳ ನೊಣದ ಮಿದುಳಿನಲ್ಲಿ ಇನ್ಸುಲಿನ್ ಬಗೆಯ ಹಾರ್ಮೋನು ಸ್ರವಿಸುವ ಮುಖ್ಯ ಕೋಶಗಳು ಹದಿನಾಲ್ಕರ ಆಸುಪಾಸು ಮಾತ್ರ. ಅಷ್ಟು ಕಡಿಮೆ ಕೋಶಗಳಿರುವುದರಿಂದಲೇ ಒಂದೊಂದರ ಕೆಲಸವನ್ನು ಬೇರೆಯಾಗಿ ಕೆಡಿಸಿ ನೋಡಲು ಸಾಧ್ಯ. ಮನುಷ್ಯರಲ್ಲಿ ಹಾಗೆ ನೋಡಲಾಗದು.

2016ರ ಇನ್ನೊಂದು ಪ್ರಬಂಧ ಹಸಿವಿನ ಬೇರೊಂದು ಮುಖವನ್ನು ತೆರೆಯಿತು. ಸಾಕಷ್ಟು ತೂಕ ಗಳಿಸಿಕೊಂಡ ಮರಿಹುಳುವಿಗೆ ಪ್ರೋಟೀನ್ ಸಿಗದೆ ಹೋದರೂ ಅದು ಸಿಕ್ಕಷ್ಟರಲ್ಲೇ ಕೋಶಾವಸ್ಥೆಗೆ ಹೋಗಿಬಿಡುತ್ತದೆ, ಸಣ್ಣ ನೊಣವಾಗಿ ಹೊರಬರುತ್ತದೆ. ಐಪಿ3 ಗ್ರಾಹಕ ಕೆಟ್ಟ ಮರಿಹುಳುವಿಗೆ ಈ ನಿರ್ಧಾರ ತೆಗೆದುಕೊಳ್ಳಲು ಬಾರದು. ಕೆಲವು ಗ್ಲುಟಮೇಟ್ ನರಕೋಶಗಳಲ್ಲಿ ಕ್ಯಾಲ್ಸಿಯಂ ಸಂಕೇತ ನಡೆದರೆ ಮಾತ್ರ ಅಮೈನೊ ಆಮ್ಲಗಳ ಕೊರತೆಯ ಸುದ್ದಿ ಹಾರ್ಮೋನು ಕೋಶಗಳನ್ನು ಮುಟ್ಟುತ್ತದೆ.

ನೊಣಕ್ಕೂ ಲೆಪ್ಟಿನ್ನಿಗೆ ಸಮನಾದ ಹಾರ್ಮೋನು ಇದೆ. ಅಖಿಲಾ ರಾಜನ್ ಮತ್ತು ನಾರ್ಬರ್ಟ್ ಪೆರಿಮನ್ 2012ರಲ್ಲಿ ಅಮೆರಿಕದಲ್ಲಿ ತೋರಿಸಿದಂತೆ, ನೊಣದ ಕೊಬ್ಬಿನ ಅಂಗ ಯುಪಿಡಿ2 ಎಂಬ ಪ್ರೋಟೀನನ್ನು ಬಿಟ್ಟು ಮಿದುಳಿನ ಇನ್ಸುಲಿನ್ ಕೋಶಗಳಿಗೆ ಸುದ್ದಿ ಕಳಿಸುತ್ತದೆ. ಅದು ಇಲ್ಲದ ನೊಣಗಳಲ್ಲಿ ಮನುಷ್ಯರ ಲೆಪ್ಟಿನ್ ಆ ಕೊರತೆಯನ್ನು ತುಂಬಿತು.

ಮತ್ತೆ ಮನುಷ್ಯರ ವಿಷಯಕ್ಕೆ ಬಂದರೆ, ಭಾರತೀಯರಲ್ಲಿ ಕೊಬ್ಬು ಮತ್ತು ಹಾರ್ಮೋನುಗಳ ಈ ಲೆಕ್ಕಾಚಾರ ಗರ್ಭದಿಂದಲೇ ಬೇರೆಯಾಗಿ ಶುರುವಾಗುವ ಸೂಚನೆಗಳಿವೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಕಾಪಾಡಿಕೊಂಡು ಬಂದ ಜನನ ದಾಖಲೆಗಳನ್ನು ಆಧರಿಸಿ, ಹುಟ್ಟುವಾಗ ಕುಳ್ಳಗೆ ದುಂಡಗಿದ್ದ ಶಿಶುಗಳಿಗೆ ಮುಂದೆ ಸಕ್ಕರೆ ಕಾಯಿಲೆ ಹೆಚ್ಚೆಂದು 1998ರಲ್ಲಿ ಕರೋಲಿನ್ ಫಾಲ್ ಮತ್ತು ಸಂಗಡಿಗರು ಪ್ರಕಟಿಸಿದರು. ಅಲ್ಲಿಯೇ 1997–98ರಲ್ಲಿ ಗರ್ಭಿಣಿಯರಿಂದ ಆರಂಭಿಸಿದ ಪಾರ್ಥೆನಾನ್ ಅಧ್ಯಯನದಲ್ಲಿ, ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರಿಗೆ ಮೈಸೂರಿನ ಶಿಶುಗಳ ಮೈತೂಕ ಕಡಿಮೆಯಿದ್ದರೂ ಬೆನ್ನಿನ ಕಡೆಯ ಕೊಬ್ಬು ಕಡಿಮೆಯಿಲ್ಲವೆಂದು ಕಂಡಿತು. ಪುಣೆಯಲ್ಲಿ ಯಾಜ್ಞಿಕ್ ತಂಡ ಹೊಕ್ಕುಳಬಳ್ಳಿಯ ರಕ್ತ ನೋಡಿದಾಗ, ಲಂಡನ್ನಿನ ಶಿಶುಗಳಿಗಿಂತ ಹಗುರವಾದ ಭಾರತದ ಶಿಶುಗಳಲ್ಲಿ ಲೆಪ್ಟಿನ್ ಸರಿಸಮವಾಗಿತ್ತು, ಇನ್ಸುಲಿನ್ ಹೆಚ್ಚಿತ್ತು.

ಈ ಎಲ್ಲ ಸಂಶೋಧನೆಯಿಂದ ಔಷಧಿಯ ಅಂಗಡಿಯವರೆಗೆ ಬಂದದ್ದು ಮುಖ್ಯವಾಗಿ ಜಿಎಲ್‌ಪಿ-1. ಕರುಳಿನಿಂದ ಬಂದ ಜಿಎಲ್‌ಪಿ-1 ರಕ್ತದಲ್ಲಿ ಒಂದೆರಡು ನಿಮಿಷದಲ್ಲೇ ಅರ್ಧಕ್ಕಿಳಿಯುತ್ತದೆ. ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ ಜಾನ್ ಎಂಗ್ 1992ರಲ್ಲಿ ವರದಿ ಮಾಡಿದ, ಬೇಗ ಕರಗದ ಅಂಥದೇ ಪೆಪ್ಟೈಡ್ 2005ರಲ್ಲಿ ಸಕ್ಕರೆ ಕಾಯಿಲೆಯ ಔಷಧಿಯಾಯಿತು. ನಂತರ ಬಂದ ಸೆಮಾಗ್ಲುಟೈಡ್ ವಾರಕ್ಕೊಂದು ಚುಚ್ಚುಮದ್ದು. 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದನ್ನು 68 ವಾರ ತೆಗೆದುಕೊಂಡವರ ಮೈತೂಕ ಸರಾಸರಿ ನೂರಕ್ಕೆ 15ರಷ್ಟು ಇಳಿಯಿತು. ಹುಸಿಮದ್ದು ಪಡೆದವರದು 2.4ರಷ್ಟು. ಔಷಧಿ ಮಿದುಳಿನ ಕಾಂಡದಲ್ಲೂ ಹೈಪೊಥಲಾಮಸ್‌ನಲ್ಲೂ ಕೆಲಸ ಮಾಡಿ ಹಸಿವನ್ನೇ ತಗ್ಗಿಸುತ್ತದೆ. ವಾಕರಿಕೆ ಸಾಮಾನ್ಯ ಅಡ್ಡಪರಿಣಾಮ. ಅದನ್ನು ನಿಲ್ಲಿಸಿದ ಒಂದು ವರ್ಷದೊಳಗೆ, ಇಳಿದಿದ್ದ ತೂಕದಲ್ಲಿ ಮೂರನೆಯ ಎರಡು ಪಾಲು ಮರಳಿ ಬಂದಿತ್ತು.